ಎಂಜಿನಿಯರಿಂಗ್ ಸೀಟು: ಸಾಲಕ್ಕೂ ಮುಂದಿನ ಸಂಬಳಕ್ಕೂ ತಾಳೆ ನೋಡುವ ಬಗೆ

ಸಿಇಟಿ ರ‍್ಯಾಂಕ್ ಪ್ರಕಟವಾದ ಮೇಲೆ ಮನೆಗಳಲ್ಲಿ ನಡೆಯುವ ಚರ್ಚೆಯೆಲ್ಲ ಕಾಲೇಜಿನ ಹೆಸರು ಮತ್ತು ಬ್ರಾಂಚಿನ ಸುತ್ತಲೇ ಇರುತ್ತದೆ. ಸಾಲದ ಲೆಕ್ಕ ಶುರುವಾಗುವುದು ಮೊದಲ ವರ್ಷದ ಶುಲ್ಕ ಕಟ್ಟಿ, ರಸೀದಿ ಹಿಡಿದು ಬ್ಯಾಂಕಿಗೆ ಹೋದಾಗ. ಆ ಹೊತ್ತಿಗೆ ಹಿಂದೆ ಸರಿಯುವುದು ಕಷ್ಟವಾಗಿರುತ್ತದೆ. ಆದ್ದರಿಂದ ಈ ಲೆಕ್ಕವನ್ನು ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜು, ಬ್ರಾಂಚುಗಳ ಆದ್ಯತಾ ಪಟ್ಟಿ ಸಲ್ಲಿಸುವುದಕ್ಕೆ) ಮುಂಚೆಯೇ, ಮ್ಯಾನೇಜ್‌ಮೆಂಟ್ ಸೀಟಿನ ಯೋಚನೆಯಿದ್ದರೆ ಮುಂಗಡ ಕೊಡುವುದಕ್ಕೆ ಮುಂಚೆಯೇ, ಮಾಡಿಕೊಳ್ಳಬೇಕು.

ಮೊದಲು ನಾಲ್ಕು ವರ್ಷಗಳ ಒಟ್ಟು ಖರ್ಚನ್ನು ಬರೆದುಕೊಳ್ಳಿ. ಕಾಲೇಜಿನವರು ಹೇಳುವ ಬೋಧನಾ ಶುಲ್ಕದ ಜೊತೆಗೆ ಹಾಸ್ಟೆಲ್ ಅಥವಾ ಪಿಜಿ, ಊಟ, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಊರಿಗೆ ಹೋಗಿಬರುವ ಖರ್ಚು ಎಲ್ಲವೂ ಸೇರಲಿ. ಅದರಲ್ಲಿ ಮನೆಯಿಂದ ಹೊಂದಿಸಬಹುದಾದದ್ದನ್ನು ಕಳೆದರೆ ಉಳಿಯುವುದೇ ಸಾಲ. ಉದಾಹರಣೆಗೆ, ವರ್ಷಕ್ಕೆ 2.5 ಲಕ್ಷದಂತೆ 10 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 10 ಎಂದಿಟ್ಟುಕೊಳ್ಳೋಣ. ಓದುವಾಗ ಮತ್ತು ಓದು ಮುಗಿದ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದು ನಿಜ, ಆದರೆ ಆ ಅವಧಿಯಲ್ಲೂ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಐದು ವರ್ಷ ಮುಗಿಯುವಾಗ ಅದೇ 3.5 ಲಕ್ಷವಾಗಿ, ಕಂತು ಶುರುವಾಗುವ ದಿನ ತಲೆಯ ಮೇಲಿರುವುದು 13.5 ಲಕ್ಷ. ಇದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,840 ರೂಪಾಯಿ ಬೇಕು. ಹದಿನೈದು ವರ್ಷಕ್ಕೆ ಎಳೆದರೆ ಕಂತು 14,500ರ ಆಸುಪಾಸಿಗೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಹಣ 21.4 ಲಕ್ಷದಿಂದ 26 ಲಕ್ಷಕ್ಕೆ ಏರುತ್ತದೆ.

ಇನ್ನು ಸಂಬಳದ ಕಡೆ. ಕಾಲೇಜಿನ ಫ್ಲೆಕ್ಸಿನಲ್ಲಿ ದೊಡ್ಡದಾಗಿ ಕಾಣುವ ಗರಿಷ್ಠ ಪ್ಯಾಕೇಜ್ ಒಬ್ಬಿಬ್ಬರದ್ದು. ಸರಾಸರಿಯನ್ನೂ ಅಂಥ ಒಬ್ಬಿಬ್ಬರೇ ಮೇಲಕ್ಕೆತ್ತಿರುತ್ತಾರೆ. ನೋಡಬೇಕಾದದ್ದು ಮಧ್ಯಾಂಕ, ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಅದಕ್ಕಿಂತ ಕಡಿಮೆ ಪಡೆಯುವ ಮೊತ್ತ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ಸಲ್ಲಿಸುವ ವರದಿಯಲ್ಲಿ ಈ ಅಂಕಿ ಸಿಗುತ್ತದೆ, ಮತ್ತು ಹೆಚ್ಚಿನ ಕಾಲೇಜುಗಳ ಜಾಲತಾಣದಲ್ಲೂ ಆ ಪಿಡಿಎಫ್ ಇರುತ್ತದೆ. ಅದರಲ್ಲಿ ನಾಲ್ಕು ವರ್ಷದ ಪದವಿಯ ಸಾಲನ್ನು ಹುಡುಕಿ, ಎಷ್ಟು ಮಂದಿ ಸೇರಿದ್ದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸವಾಯಿತು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು ಎಂಬುದನ್ನು ಒಟ್ಟಿಗೆ ಓದಬೇಕು. ಏಕೆಂದರೆ ಅಲ್ಲಿನ ಮಧ್ಯಾಂಕ ಕೆಲಸ ಸಿಕ್ಕವರದ್ದು ಮಾತ್ರ. 520 ಮಂದಿ ಪದವಿ ಮುಗಿಸಿ, 260 ಮಂದಿಗೆ ಕೆಲಸವಾಗಿ, ಮಧ್ಯಾಂಕ 4.5 ಲಕ್ಷ ಎಂದಿದ್ದರೆ, ಕ್ಯಾಂಪಸ್‌ನಿಂದ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಪಡೆದು ಹೊರಬಂದವರು ಸುಮಾರು 130 ಮಂದಿ, ಅಂದರೆ ಕಾಲು ಭಾಗ. ಈ ವರದಿ ಬ್ರಾಂಚುವಾರು ಇರುವುದಿಲ್ಲ ಎಂಬುದೊಂದು ಕೊರತೆ. ಸಿವಿಲ್, ಮೆಕ್ಯಾನಿಕಲ್ ಸೇರುವವರು ಆಯಾ ವಿಭಾಗದ ಹಿಂದಿನ ಬ್ಯಾಚಿನವರನ್ನೇ ವಿಚಾರಿಸುವುದು ಲೇಸು.

ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದು ಆಫರ್ ಲೆಟರ್‌ನಲ್ಲಿ ಬರೆದದ್ದು ಕೈಗೆ ಬರುವ ಸಂಬಳವಲ್ಲ. ವರ್ಷಕ್ಕೆ 3.6 ಲಕ್ಷ ಎಂದರೆ ತಿಂಗಳಿಗೆ 30,000 ಎನಿಸುತ್ತದೆ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ಕೆಲಸದ ಸಾಧನೆ ನೋಡಿ ವರ್ಷಾಂತ್ಯದಲ್ಲಿ ಕೊಡುವ ವೇರಿಯಬಲ್ ಭಾಗ ಎಲ್ಲವೂ ಅದರೊಳಗೇ ಅಡಗಿರುವುದರಿಂದ, ನೌಕರನ ಪಾಲಿನ ಪಿಎಫ್ ಸಹ ಕಡಿತವಾದ ಮೇಲೆ ಖಾತೆಗೆ ಬೀಳುವುದು 25,000ದ ಹತ್ತಿರ. ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ ನೋಡಿಕೊಂಡ ಮೇಲೆ ಇದರಲ್ಲಿ 17,840ರ ಕಂತು ಹೊರಡುವುದಿಲ್ಲ. ಕಂತು ಕೈಸಂಬಳದ ಮೂರನೇ ಒಂದು ಭಾಗ ಮೀರಬಾರದು ಎಂಬ ಮಿತಿಯನ್ನು ನಾನು ಸೂಚಿಸುತ್ತೇನೆ. 25,000ಕ್ಕೆ ಸುಮಾರು 8,000 ಕಂತು. ಅದು ಹೊರುವುದು ಕಂತು ಶುರುವಾಗುವಾಗಿನ 6 ಲಕ್ಷವನ್ನು, ಅಂದರೆ ಮೇಲಿನ ಲೆಕ್ಕದಂತೆ ಇಂದು ಪಡೆಯುವ ನಾಲ್ಕೂವರೆ ಲಕ್ಷದ ಸಾಲವನ್ನು. ಸ್ವಂತ ಊರಿನಲ್ಲೇ ಕೆಲಸ ಸಿಕ್ಕಿ ಮನೆಯಲ್ಲೇ ಇರುವಂತಾದರೆ ಮಿತಿಯನ್ನು ಸ್ವಲ್ಪ ಸಡಿಲಿಸಬಹುದು. ಮುಂದೆ ಸಂಬಳ ಏರೀತು ಎಂಬ ಭರವಸೆಯ ಮೇಲೆ ಮಾತ್ರ ಸಡಿಲಿಸಬೇಡಿ, ಕಂತು ಬೀಳುವುದು ಮೊದಲ ಕೆಲಸದ ಸಂಬಳದ ಮೇಲೆ.

ಎರಡು ಸೀಟುಗಳ ನಡುವೆ ಆಯ್ಕೆಯಿದ್ದಾಗ ಖರ್ಚಿನ ವ್ಯತ್ಯಾಸಕ್ಕಷ್ಟೇ ಕಂತು ಹಾಕಿ ನೋಡಿ. ಹೆಸರಾಂತ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ, ಸಾಧಾರಣ ಕಾಲೇಜಿನ ಸಿಇಟಿ ಸೀಟಿಗಿಂತ 10 ಲಕ್ಷ ಹೆಚ್ಚು ಬೀಳುವುದಾದರೆ, ಅಲ್ಲಿಂದ ಹೊರಬಂದವರಿಗೆ ಹತ್ತು ವರ್ಷ ತಿಂಗಳಿಗೆ 17,840 ರೂಪಾಯಿ ಹೆಚ್ಚು ಸಿಗುತ್ತದೆಯೇ ಎಂಬುದು ಪ್ರಶ್ನೆ. ಎರಡೂ ಕಾಲೇಜುಗಳ ಮಧ್ಯಾಂಕಗಳ ಅಂತರ ವರ್ಷಕ್ಕೆ ಎರಡು ಲಕ್ಷಕ್ಕಿಂತ ಕಡಿಮೆಯಿದ್ದರೆ, ಆ ಹೆಸರಿಗೆ ತೆರುತ್ತಿರುವುದು ದುಬಾರಿ ಬೆಲೆ ಎಂದೇ ನನ್ನ ಅಭಿಪ್ರಾಯ.

ಸಾಲ ಪಡೆಯುವುದು ಖಚಿತವಾದರೆ ಹೊರೆ ಇಳಿಸುವ ದಾರಿಗಳನ್ನೂ ನೋಡಬೇಕು. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದರೆ (ಮೊದಲ ವರ್ಷ ತಿಂಗಳಿಗೆ ಸುಮಾರು 2,083 ರೂಪಾಯಿ, ಆಮೇಲೆ ವರ್ಷದಿಂದ ವರ್ಷಕ್ಕೆ ಹೆಚ್ಚು) 10 ಲಕ್ಷ 10 ಲಕ್ಷವಾಗಿಯೇ ಉಳಿದು ಕಂತು 13,215ಕ್ಕೆ ಇಳಿಯುತ್ತದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿನ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಕಂತು ಶುರುವಾಗುವವರೆಗೆ ಶೇ 3ರ ಬಡ್ಡಿ ಸಹಾಯವಿದೆ. ಮ್ಯಾನೇಜ್‌ಮೆಂಟ್ ಸೀಟಿನವರಿಗೆ ಇದು ಅನ್ವಯಿಸದು. ಅಲ್ಪಸಂಖ್ಯಾತ ಸಮುದಾಯದವರು ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶಿಕ್ಷಣ ಸಾಲವನ್ನು ವಿಚಾರಿಸಬಹುದು. ಶಿಕ್ಷಣ ಸಾಲಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬಡ್ಡಿಗೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, 3.6 ಲಕ್ಷದ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲವಾದ್ದರಿಂದ ಅದನ್ನು ಲಾಭವೆಂದು ಎಣಿಸಬೇಡಿ.

ಸಾಮಾನ್ಯವಾಗಿ 7.5 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಮನೆ, ಸೈಟು ಅಥವಾ ಠೇವಣಿಯ ಅಡಮಾನ ಕೇಳುತ್ತದೆ. ಸಹಸಾಲಗಾರರಾಗಿ ಸಹಿ ಹಾಕುವುದು ತಂದೆ ಅಥವಾ ತಾಯಿ. ಕಂತು ತಪ್ಪಿದರೆ ಸಿಬಿಲ್ ಅಂಕ (ಸಾಲ ತೀರಿಸುವ ಶಿಸ್ತಿಗೆ ಸಿಗುವ ಅಂಕ) ಕುಸಿಯುವುದು ಮಗನದೋ ಮಗಳದೋ ಮಾತ್ರವಲ್ಲ, ಅವರದೂ ಹೌದು. ನಿವೃತ್ತಿಗೆ ಹತ್ತಿರವಿರುವ ಪೋಷಕರು ಸಹಿ ಹಾಕುವ ಮುಂಚೆ ಬಡ್ಡಿ ಸ್ಥಿರವೋ ಬದಲಾಗುವಂಥದ್ದೋ, ಅವಧಿಗೆ ಮುಂಚೆ ತೀರಿಸಿದರೆ ದಂಡವಿದೆಯೇ, ಸಾಲಕ್ಕೆ ಸೇರಿಸುವ ಜೀವವಿಮೆಯ ಕಂತು ಯಾರ ತಲೆಗೆ ಎಂಬ ಮೂರು ವಿಷಯಗಳನ್ನು ಬರಹದಲ್ಲೇ ಪಡೆಯಬೇಕು.