ಮರಗಪ್ಪೆಯ ಪೆಟ್ಟಿಗೆ ಸರಿಪಡಿಸಿದ ಬಗೆ: ನನ್ನ ಅನುಭವ

ಮೊದಲ ಬಾರಿಗೆ ಸಾಕಿದ ವೈಟ್ಸ್ ಮರಗಪ್ಪೆಗೆಂದು (ಆಸ್ಟ್ರೇಲಿಯಾ ಕಡೆಯ ಒಂದು ಮರಗಪ್ಪೆ ಜಾತಿ) ಹಳೆಯ ಮೀನಿನ ತೊಟ್ಟಿಯನ್ನೇ ಬಳಸಿ, ಗಾಜಿನ ಮುಚ್ಚಳ ಹಾಕಿ, ತಳಕ್ಕೆ ಸಣ್ಣ ಜಲ್ಲಿ ಹರಡಿದ್ದೆ. ಮೂರನೆಯ ವಾರಕ್ಕೆ ಗಾಜಿನ ಮೇಲೆ ನೀರು ಹನಿಗಟ್ಟಿ ಇಳಿಯುತ್ತಿತ್ತು, ಒಳಗೆಲ್ಲ ಮುಗ್ಗಲು ವಾಸನೆ ತುಂಬಿತ್ತು. ಹಸಿರಾಗಿದ್ದ ಕಪ್ಪೆ ಕಂದು ಬಣ್ಣಕ್ಕೆ ತಿರುಗಿ, ಹಗಲಿಡೀ ಮುಚ್ಚಳದ ಅಂಚಿಗೆ ಅಂಟಿಕೊಂಡಿರುತ್ತಿತ್ತು. ದಿನಕ್ಕೆ ನಾಲ್ಕು ಬಾರಿ ನೀರು ಚಿಮುಕಿಸುತ್ತಿದ್ದುದೇ ತಪ್ಪೆಂದು ನನಗೆ ಹೊಳೆದಿರಲಿಲ್ಲ. ಗಾಳಿಯ ತೇವಾಂಶ ಅಳೆಯುವ ತೇವಮಾಪಕ ಇಟ್ಟು ನೋಡಿದಾಗ ಮುಳ್ಳು ಶೇ. 95ರಿಂದ ಕೆಳಗಿಳಿಯಲೇ ಇಲ್ಲ. ಈ ಜಾತಿಗೆ ಶೇ. 50ರಿಂದ 70 ಸಾಕು.

ಆಮೇಲೆ 45 ಸೆಂ.ಮೀ. ಉದ್ದ, ಅಷ್ಟೇ ಅಗಲ, 60 ಸೆಂ.ಮೀ. ಎತ್ತರದ, ಮೇಲ್ಭಾಗಕ್ಕೆ ಜಾಲರಿಯಿರುವ ಪೆಟ್ಟಿಗೆ ತಂದು, ಕಪ್ಪೆಯ ಭಾರ ತಾಳುವ ದಪ್ಪ ಕೊಂಬೆಗಳನ್ನು ಓರೆಯಾಗಿ ಬಿಗಿದು, ಮನಿಪ್ಲಾಂಟ್ ಹಬ್ಬಿಸಿದೆ. ಬೇಟೆಯ ಜೊತೆಗೆ ಕಪ್ಪೆ ನುಂಗಿಬಿಡಬಹುದಾದ ಜಲ್ಲಿಯ ಬದಲು ತೆಂಗಿನ ನಾರಿನ ಪುಡಿ ಹಾಕಿದೆ. ಚರ್ಮದ ಮೂಲಕವೇ ನೀರು ಹೀರುವ ಪ್ರಾಣಿಯಾದ್ದರಿಂದ ಬಟ್ಟಲಿಗೆ ಕ್ಲೋರಿನ್ ತೆಗೆದ ನೀರನ್ನೇ ದಿನವೂ ತುಂಬುತ್ತೇನೆ. (ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಸಾಕೆಂದು ನಂಬಿದ್ದೆ, ಕ್ಲೋರಮಿನ್ (ಕ್ಲೋರಿನ್‌ನಂತೆ ಸುಲಭವಾಗಿ ಆರಿಹೋಗದ, ಕ್ಲೋರಿನ್-ಅಮೋನಿಯಾ ಸಂಯುಕ್ತ) ಬೆರೆತ ನೀರಿಗೆ ಅದು ಸಾಲದು.) ಚಿಮುಕಿಸುವುದು ಈಗ ಸಂಜೆ ಒಮ್ಮೆ ಮಾತ್ರ, ಬೆಳಗಾಗುವಷ್ಟರಲ್ಲಿ ಗಾಜು ಒಣಗಿರುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ, ಕಪ್ಪೆ ಮೇಲಿನ ಕೊಂಬೆಯ ಮೇಲೆ ಕಾಲು ಮಡಚಿಕೊಂಡು ಮಲಗಿತ್ತು, ಪಕ್ಕದ ಎಲೆಯಷ್ಟೇ ಹಸಿರಾಗಿ.