ಸೆಲ್ಫ್ ಹೋಗಿದೆ ಎನ್ನುವ ಮೊದಲು

ಕಾರಿನ ಕೀ ತಿರುಗಿಸಿದಾಗ ಒಂದು ಸಲ ‘ಟಕ್’ ಎಂದು ಸುಮ್ಮನಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸೆಲ್ಫ್ ಹೋಗಿದೆ’, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟರ್ ಕೆಟ್ಟಿದೆ. ನಮ್ಮ ಬೀದಿಯಲ್ಲೇ ಇಬ್ಬರು ಹೊಸ ಸ್ಟಾರ್ಟರ್ ಹಾಕಿಸಿ, ಮರುದಿನ ಮತ್ತದೇ ‘ಟಕ್’ ಕೇಳಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಇಬ್ಬರದ್ದೂ ತೊಂದರೆ ಇದ್ದದ್ದು ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್ ಕಡೆಗೆ ಕರೆಂಟ್ ಮರಳುವ ಅರ್ತ್ ವೈರಿನ ತುದಿಯ ತುಕ್ಕಿನಲ್ಲಿ.

ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್, 12.2 ಅಂದರೆ ಅರ್ಧ. ‘ಟಕಟಕಟಕ’ ಎಂದು ಬಡಿದುಕೊಂಡರೆ ಬಹುಪಾಲು ಬ್ಯಾಟರಿ ಅಥವಾ ಸಡಿಲ ಟರ್ಮಿನಲ್. ಮೋಟರ್ ಸುಯ್ಯೆಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ ಸಾಮಾನ್ಯವಾಗಿ ಪಿನಿಯನ್ (ಸ್ಟಾರ್ಟರಿನ ಚಿಕ್ಕ ಹಲ್ಲಿನ ಚಕ್ರ) ಕ್ಲಚ್ ಜಾರುತ್ತಿರುತ್ತದೆ.

ಎಡವುವುದು ವೈರ್ ಪರೀಕ್ಷೆಯಲ್ಲಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಸೊನ್ನೆ ಕಂಡ ಕೂಡಲೇ ‘ವೈರ್ ಚೆನ್ನಾಗಿದೆ’ ಎನ್ನುತ್ತಾರೆ. ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಸೆಲ್ಫ್ ಎಳೆಯುವುದು ನೂರಕ್ಕೂ ಮೀರಿದ ಆಂಪಿಯರ್. 150 ಆಂಪಿಯರ್ ಹರಿಯುವಾಗ 0.01 ಓಮ್ ತಡೆ ಕೂಡ 1.5 ವೋಲ್ಟ್ ನುಂಗುತ್ತದೆ. ಆದ್ದರಿಂದ ಮೀಟರನ್ನು ವೋಲ್ಟ್‌ಗೇ ಇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಇನ್ನೊಂದು ಸೊಲೆನಾಯ್ಡ್‌ಗೆ (ಸ್ಟಾರ್ಟರಿನ ಮೇಲಿರುವ, ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಬರುವ ದಪ್ಪ ವೈರಿನ ಬೋಲ್ಟಿಗೆ. ಮನೆಯವರೊಬ್ಬರು ಕೀ ತಿರುಗಿಸಲಿ. ಅರ್ಧ ವೋಲ್ಟ್ ದಾಟಿದರೆ ವೈರ್ ಅಥವಾ ಟರ್ಮಿನಲ್ ಕೆಟ್ಟಿದೆ. ಹಾಗೆಯೇ ನೆಗೆಟಿವ್ ಕಂಬದಿಂದ ಸ್ಟಾರ್ಟರಿನ ಮೈಗೆ ಅಳೆಯಿರಿ. ಅಲ್ಲಿಯೂ ಅಷ್ಟೇ ಕಂಡರೆ ಅರ್ತ್ ತುದಿಗಳನ್ನು ಉಜ್ಜಿ ಬಿಗಿಮಾಡಿ.

ಈಗ ಸೊಲೆನಾಯ್ಡಿನ ಎರಡು ದೊಡ್ಡ ಬೋಲ್ಟುಗಳ ನಡುವೆ ಅಳೆಯಿರಿ. ‘ಟಕ್’ ಎಂದ ಮೇಲೂ 12 ವೋಲ್ಟ್ ನಿಂತಿದ್ದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಮೋಟರ್ ಕಡೆಯ ಬೋಲ್ಟಿಗೆ ಕರೆಂಟ್ ಬಂದೂ ಅದು ತಿರುಗದಿದ್ದರೆ ಸಾಮಾನ್ಯವಾಗಿ ಕಾರ್ಬನ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್) ಸವೆದಿರುತ್ತದೆ. ಸ್ಟಾರ್ಟರಿನ ಮೈಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಿಕ್ಕಿಕೊಂಡ ಕಾರ್ಬನ್ ಸರಿದು ಗಾಡಿ ಹೊರಡಬಹುದು. ಅದು ಮನೆ ಸೇರಲು ಮಾತ್ರ. ಸೊಲೆನಾಯ್ಡಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವ ಉಪಾಯ ಬೇಡವೇ ಬೇಡ. ಗೇರ್‌ನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ನುಗ್ಗುತ್ತದೆ.

ಸ್ಟಾರ್ಟರ್ ಬದಲಿಸುವುದಾದರೆ ಕ್ರಮ ಹೀಗೆ. ನೆಗೆಟಿವ್ ಮೊದಲು ಬಿಚ್ಚಿ, ವೈರುಗಳ ಫೋಟೊ ತೆಗೆದುಕೊಳ್ಳಿ, ಕೈಯಲ್ಲಿ ಭಾರ ಹಿಡಿದುಕೊಂಡೇ ಕೊನೆಯ ಬೋಲ್ಟ್ ಬಿಚ್ಚಿ. ಹೊಸದನ್ನು ಹಳೆಯದರ ಪಕ್ಕ ಇಟ್ಟು ಪಿನಿಯನ್ ಹಲ್ಲು ಎಣಿಸಿ. ಸ್ಟಾರ್ಟರ್ ಕಳಚಿದ ತೂತಿನಲ್ಲಿ ಟಾರ್ಚ್ ಹಾಕಿ ಫ್ಲೈವೀಲ್ (ಪಿನಿಯನ್ ತಿರುಗಿಸುವ ಎಂಜಿನ್ನಿನ ದೊಡ್ಡ ಚಕ್ರ) ಹಲ್ಲುಗಳನ್ನೂ ನೋಡಿ. ಅಗ್ಗದ ರೀಬಿಲ್ಟ್ (ಹಳೆಯದನ್ನೇ ರಿಪೇರಿ ಮಾಡಿ ಮಾರುವ) ಸ್ಟಾರ್ಟರುಗಳ ಮೈಗೆಲ್ಲ ಹಲವು ಸಲ ಬಣ್ಣ ಬಳಿದಿರುತ್ತಾರೆ. ಹೆಚ್ಚಿನ ಗಾಡಿಗಳಲ್ಲಿ ಮೈಯೇ ಅರ್ತ್ ಆದ್ದರಿಂದ ಕೂರುವ ಮುಖದ ಬಣ್ಣವನ್ನು ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಅಂಥದ್ದನ್ನು ಕೊಳ್ಳುವುದಕ್ಕಿಂತ ನಿಮ್ಮದಕ್ಕೇ ಒಳ್ಳೆಯ ಕಾರ್ಬನ್ ಹಾಕಿಸುವುದು ಮೇಲು.

ಸೊಲೆನಾಯ್ಡಿನ ನಟ್ಟನ್ನು ಶಕ್ತಿಯೆಲ್ಲ ಹಾಕಿ ಬಿಗಿಯಬೇಡಿ. ಬೋಲ್ಟ್ ಒಳಗೇ ತಿರುಗಿ ಮುಚ್ಚಳ ಸೀಳಬಹುದು. ಬ್ಯಾಟರಿಯ ನೆಗೆಟಿವ್ ಜೋಡಿಸುವುದು ಎಲ್ಲಕ್ಕಿಂತ ಕೊನೆಗೆ.