ಐದು ಬಾಟಲಿ, ಒಂದೇ ಮನೆತನ: ಕಲಬುರಗಿ ಬಿಸಿಲಲ್ಲಿ ವೈನ್ ಸವಿಯುವ ಬಗೆ

ಹೋದ ಮೇ ತಿಂಗಳಲ್ಲಿ ಒಂದು ರೆಡ್ ವೈನ್ ಬಾಟಲಿಯನ್ನು ಅಲಮಾರಿ ಮೇಲಿಟ್ಟು ಮರೆತೆ. ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅಂತ ಎಲ್ಲೋ ಓದಿದ್ದೆ. ಆದರೆ ಇದು ಕಲಬುರಗಿಯ ರೂಮು, ಹೊರಗೆ 42 ಡಿಗ್ರಿ! ಮೂರು ವಾರ ಬಿಟ್ಟು ತೆರೆದರೆ ಕುದಿಸಿದ ಜಾಮಿನ ರುಚಿ. ಆ ಮಾತು ಚಳಿ ದೇಶದ್ದು. ಅಲ್ಲಿ ರೂಮು ಅಂದರೆ 16ರಿಂದ 18 ಡಿಗ್ರಿ.

ಆಮೇಲೆ ಬುದ್ಧಿ ಬಂತು. ಈಗ ವರ್ಷಕ್ಕೆ ಒಂದೆರಡು ಸಲ, ನಾವು ಆರು ಜನ ಸೇರಿ ಒಂದೇ ಕುಟುಂಬ ನಡೆಸುವ ವೈನರಿಯ ಐದು ಬಾಟಲಿ ತೆರೆಯುತ್ತೇವೆ. ಒಂದೇ ಮನೆಯವರದೇ ಯಾಕೆ? ಮಾಡುವ ಕೈ ಒಂದೇ, ಹೆಚ್ಚಾಗಿ ಮಣ್ಣೂ ಒಂದೇ. ಹಾಗಾಗಿ ರುಚಿ ಬದಲಾದರೆ ಅದು ದ್ರಾಕ್ಷಿ ತಳಿಯದೋ ಮಾಡಿದ ರೀತಿಯದೋ ಅಂತ ಬೇಗ ತಿಳಿಯುತ್ತದೆ. ದೂರ ಹುಡುಕಬೇಕಿಲ್ಲ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ನಮ್ಮ ಪಕ್ಕದ ವಿಜಯಪುರ, ಆಚೆಯ ಬಾಗಲಕೋಟೆ, ಬೆಳಗಾವಿ ಎಲ್ಲ ವೈನಿನವರ ಲೆಕ್ಕದಲ್ಲಿ ಕೃಷ್ಣಾ ಕಣಿವೆ ಎಂಬ ವೈನ್ ಸೀಮೆ. (21 ತುಂಬದವರು ಈ ಪುಟ ಮಗುಚಿಬಿಡಿ.)

ಮೊದಲು ಫ್ರಿಜ್

ಅಂಗಡಿಯಲ್ಲಿ ಬಿಸಿಲು ಬೀಳುವ ಶೋಕೇಸಿನ ಬಾಟಲಿ ಬೇಡ, ಒಳಗಿನದು ಕೇಳಿ. ವೈಟ್ ಮತ್ತು ರೋಸೆ (ತಿಳಿ ಗುಲಾಬಿ ಬಣ್ಣದ ವೈನ್) ಬೆಳಿಗ್ಗೆಯೇ ಫ್ರಿಜ್‌ಗೆ ಹೋಗಲಿ. ತೆರೆಯುವ ಹತ್ತು ನಿಮಿಷ ಮುಂಚೆ ಹೊರಗಿಟ್ಟರೆ ಸಾಕು. ರೆಡ್ ಕೂಡ ಬೇಸಿಗೆಯಲ್ಲಿ ಒಂದೂವರೆ, ಎರಡು ಗಂಟೆ ಫ್ರಿಜ್‌ನಲ್ಲಿರಲಿ. ರೆಡ್‌ಗೆ ಐಸ್ ಹಾಕಬೇಡಿ, ನೀರಾಗುತ್ತದೆ.

ಸವಿಯುವ ಸಾಲು ಹೀಗೆ: ಸೋವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್ (ಎರಡೂ ವೈಟ್), ರೋಸೆ, ಶಿರಾಜ್, ಕೊನೆಗೆ ಕ್ಯಾಬರ್ನೆ ಸೋವಿನ್ಯೋ (ಎರಡೂ ರೆಡ್). ರೋಸೆ ಬಿಟ್ಟು ಉಳಿದವೆಲ್ಲ ದ್ರಾಕ್ಷಿ ತಳಿಯ ಹೆಸರುಗಳು. ಹಗುರದಿಂದ ಗಟ್ಟಿಗೆ. ಇದನ್ನು ತಿರುಗುಮುರುಗು ಮಾಡಿದರೆ ಮೊದಲೆರಡು ನೀರಿನ ಹಾಗೆ ಕಾಣುತ್ತವೆ.

ಒಬ್ಬರಿಗೆ ಒಂದು ವೈನಿಗೆ 40 ಎಂ.ಎಲ್. ಜಾಸ್ತಿ ಬೇಡ. ಐದೂ ಸೇರಿ 200 ಎಂ.ಎಲ್. ಶೇ 13ರ ವೈನಾದರೆ ಅದರಲ್ಲಿನ ಆಲ್ಕೋಹಾಲ್ 60 ಎಂ.ಎಲ್. ವಿಸ್ಕಿಯಲ್ಲಿ ಇರುವಷ್ಟೇ. ಅದಕ್ಕೇ ಗಾಡಿ ಕೀಲಿ ಮೊದಲೇ ಎತ್ತಿಡಿ. ಎಲ್ಲವನ್ನೂ ನುಂಗಬೇಕು ಅಂತಲೂ ಇಲ್ಲ, ಬಲ್ಲವರು ಉಗುಳುತ್ತಾರೆ. ನಮ್ಮವರಿಗೆ ಇದು ಹೊಸದಲ್ಲ. ಬೀದರಿನ ಕುಶಲಕರ್ಮಿಗಳು ಬೆಳ್ಳಿ ಕುಸುರಿಯ ಪೀಕದಾನಿಗಳನ್ನೇ ಮಾಡುತ್ತಿದ್ದರು! ನಮ್ಮನೆಯಲ್ಲಿ ಮಾತ್ರ ಒಂದು ಸ್ಟೀಲ್ ಡಬ್ಬ.

ನೋಡಿ, ಮೂಸಿ, ಸವಿಯಿರಿ

ಊದುಬತ್ತಿ, ಅತ್ತರು, ಪಾನು ಆ ಹೊತ್ತಿಗೆ ದೂರ ಇರಲಿ. ಗ್ಲಾಸಿನ ಕೆಳಗಿನ ತೆಳು ಕಾಲನ್ನು ಹಿಡಿಯಿರಿ, ವೈನಿಗೆ ಅಂಗೈ ಬಿಸಿ ತಾಗಬಾರದು. ಬಿಳಿ ಕಾಗದದ ಮುಂದೆ ಓರೆ ಮಾಡಿ ಬಣ್ಣ ನೋಡಿ. ಕಪ್ಪು ದ್ರಾಕ್ಷಿಯ ಬಹುತೇಕ ತಳಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ. ಕೆಂಪು ಸಿಪ್ಪೆಯದು. ಸಿಪ್ಪೆಯ ಜೊತೆ ಕೆಲವೇ ಗಂಟೆ ಇದ್ದರೆ ರೋಸೆ, ದಿನಗಟ್ಟಲೆ ಇದ್ದರೆ ರೆಡ್.

ಗ್ಲಾಸ್ ಮೆಲ್ಲಗೆ ತಿರುಗಿಸಿ ಮೂಸಿ. ಹೆಚ್ಚಿನವರು ಸೋಲುವುದು ಇಲ್ಲೇ. ಲೇಬಲ್ ಮೇಲೆ ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ ಅಂತ ಇರುತ್ತದೆ. ನಾವು ತಿಂದಿದ್ದೇ ಇಲ್ಲ, ಎಲ್ಲಿಂದ ಗೊತ್ತಾಗಬೇಕು? ನಿಮಗೆ ಗೊತ್ತಿರುವ ವಾಸನೆ ಹುಡುಕಿ. ಸೋವಿನ್ಯೋ ಬ್ಲಾಂಕ್‌ನಲ್ಲಿ ನನಗೆ ಸಿಗುವುದು ಪೇರಲ, ಆಗಷ್ಟೇ ಮುರಿದ ಹಸಿ ಮೆಣಸಿನಕಾಯಿ. ಶಿರಾಜ್‌ನಲ್ಲಿ ಕರಿಮೆಣಸು. ಅದು ಬರೀ ಕಲ್ಪನೆಯಲ್ಲ, ಕರಿಮೆಣಸಿನ ಘಮಕ್ಕೆ ಕಾರಣವಾದ ರೋಟುಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯಲ್ಲೂ ಇರುತ್ತದೆ. ಓಕ್ ಪೀಪಾಯಿಯಲ್ಲಿ ಇಟ್ಟ ವೈನಾದರೆ ಲವಂಗ.

ಈಗ ಒಂದು ಗುಟುಕು. ತಕ್ಷಣ ನುಂಗದೆ ಬಾಯಲ್ಲಿ ಆಡಿಸಿ. ದವಡೆ ಬದಿಯಲ್ಲಿ ನೀರೂರಿದರೆ ಹುಳಿ. ಒಸಡು ಎಳೆದ ಹಾಗಾದರೆ ಅದು ಟ್ಯಾನಿನ್. ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಪುಟ ತುಂಬಿಸುತ್ತವೆ. ನಮಗೆ ಒಂದೇ ಮಾತು ಸಾಕು: ಒಗರು. ನೇರಳೆ ಹಣ್ಣು ತಿಂದವರಿಗೆ ಪಾಠ ಬೇಕಿಲ್ಲ, ಅಲ್ವಾ?

ನಡುವೆ ರೊಟ್ಟಿ

ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಗುಟುಕು ನೀರು, ಒಂದು ಚೂರು ಕಡಕ್ ಜೋಳದ ರೊಟ್ಟಿ. ಎಣ್ಣೆಯಿಲ್ಲ, ಖಾರವಿಲ್ಲ. ಪೇಟೆಯವರು ತರುವ ಉಪ್ಪು ಬಿಸ್ಕತ್ತಿಗಿಂತ ಇದೇ ಮೇಲು. ಶೇಂಗಾ ಹಿಂಡಿ ಮಾತ್ರ ಮುಟ್ಟಬೇಡಿ. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಎರಡು ಪಟ್ಟಾದಂತೆ ಅನಿಸುತ್ತದೆ.

ಸವಿದು ಮುಗಿದ ಮೇಲೆ ಊಟಕ್ಕೆ ಅಡ್ಡಿಯಿಲ್ಲ. ಪುಂಡಿ ಪಲ್ಯದ ಹುಳಿಗೆ ಸೋವಿನ್ಯೋ ಬ್ಲಾಂಕ್ ಜೋಡಿ. ಖಾರ ಕಡಿಮೆ ಮಾಡಿದ ಮಟನ್ ಜೊತೆ ಶಿರಾಜ್ ಕುಡಿದು ನೋಡಿ, ಒಗರು ಮೆತ್ತಗಾಗುತ್ತದೆ. ಖಾರ ಬೇಕೇ ಬೇಕು ಅನ್ನುವವರಿಗೆ ತುಸು ಸಿಹಿಯಿರುವ ಶೆನಿನ್. ಉಳಿದ ವೈನಿಗೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ರೆಡ್ ಆದರೂ ಅಷ್ಟೇ. ಮೂರ್ನಾಲ್ಕು ದಿನ ತಡೆಯುತ್ತದೆ.

ಕೊನೆಗೊಂದು ಆಟ. ಶಿರಾಜ್, ಕ್ಯಾಬರ್ನೆ ಎರಡನ್ನೂ ಬೇರೆಯವರು ಅಡುಗೆಮನೆಯಲ್ಲಿ ಬಗ್ಗಿಸಿ ತರಲಿ, ಯಾವುದು ಯಾವುದು ಅಂತ ನೀವು ಹೇಳಿ. ಮೊದಲ ಸಲ ನಾನು ಭಾರಿ ಧೈರ್ಯದಿಂದ ಹೇಳಿದೆ. ಎರಡೂ ಗ್ಲಾಸಿನಲ್ಲಿ ಶಿರಾಜ್ ಇತ್ತು.